ಪೇಟಿಯ ಪಾಲು

ಮಕ್ಕಳ ಗಾಯನ ಸ್ಪರ್ಧೆಗೆ ಹೋದರೆ ವೇದಿಕೆಯ ಕಡೆ ನೋಡಬೇಡಿ, ತಾಯಂದಿರ ಕಡೆ ನೋಡಿ. ಮಗು ಮೊದಲ ಸಾಲಿನಲ್ಲಿದ್ದಾಗಲೇ ತಾಯಿಯ ತುಟಿ ಎರಡನೇ ಸಾಲಿಗೆ ಹೋಗಿ ಕಾಯುತ್ತಿರುತ್ತದೆ. ಮಗುವಿನ ದನಿ ಮೇಲೇರಿದರೆ ಇವಳ ಹುಬ್ಬೂ ಮೇಲೇರುತ್ತದೆ. ಹಾಡು ಮುಗಿದ ಮೇಲೆ ಮಗು ನೀರು ಕುಡಿಯುವುದಿಲ್ಲ, ತಾಯಿ ಕುಡಿಯುತ್ತಾಳೆ. ಅಪ್ಪಂದಿರ ಪಾಡು ಏನೆಂದು ಹೇಳಲಾರೆ. ಅವರ ಮುಖಕ್ಕೆ ಮೊಬೈಲ್ ಅಡ್ಡ ಇರುತ್ತದೆ.

ಸಂಗೀತದ ವಿಷಯದಲ್ಲಿ ನನ್ನ ಪಾಂಡಿತ್ಯ ಹೆಚ್ಚುಕಡಿಮೆ ಇಷ್ಟೇ. ಆದರೂ ಈ ಸಲ ಕಾಡುಗೋಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಸವ ಜಯಂತಿಗೆ ನಡೆದ ಮಕ್ಕಳ ವಚನ ಗಾಯನ ಸ್ಪರ್ಧೆಗೆ ನಾನು ತೀರ್ಪುಗಾರಳಾಗಿದ್ದೆ. ಅದನ್ನು ಏರ್ಪಡಿಸುವ ಪ್ರದೀಪ ಹಿಂದಿನ ದಿನ ಬಂದು, "ಆಂಟಿ, ಒಬ್ರು ಜಡ್ಜ್ ಕೈ ಕೊಟ್ಬಿಟ್ರು. ನೀವು ಕೂತ್ಕೊಂಡ್ಬಿಡಿ" ಅಂದ.

"ನಂಗ ಸರಿಗಮಾನೂ ಬರೂದಿಲ್ಲಪಾ" ಅಂದೆ.

"ಅಂಕಲ್ ಜೊತೆ ಅಷ್ಟು ವರ್ಷ ಇದ್ರಲ್ಲ, ಸಾಕು ಬಿಡಿ."

"ಡಾಕ್ಟರ್ ಹೇಂತಿ ಆಪರೇಷನ್ ಮಾಡ್ತಾಳೇನು?"

ಅವನು ನಕ್ಕ. ನಗುತ್ತಲೇ ಒಪ್ಪಿಸಿಬಿಟ್ಟ.

ಅವನು ಹೇಳಿದ ಅಂಕಲ್ ನನ್ನ ಯಜಮಾನರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನೌಕರಿ ಮುಗಿಸಿ, ಮಗಳ ಮನೆಗೆ ಹತ್ತಿರವಾಗಲೆಂದು ನಾವು ಈ ಕಡೆ ಬಂದೆವು. ಬರುವಾಗ ಅವರು ಬೇರೆ ಸಾಮಾನನ್ನೆಲ್ಲ ಲಾರಿಗೆ ಹಾಕಿ, ಹಾರ್ಮೋನಿಯಮ್ಮನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಕೂತರು. ನಮ್ಮ ಗದಗಿನ ಕಡೆ ಅದನ್ನು ಪೇಟಿ ಅನ್ನುತ್ತೇವೆ. ಇಲ್ಲಿಯ ಮಕ್ಕಳಿಗೂ ಅದು ಪೇಟಿಯೇ ಆಯಿತು. ಪ್ರತಿ ವರ್ಷದ ಸ್ಪರ್ಧೆಯಲ್ಲಿ ಎಲ್ಲ ಮಕ್ಕಳಿಗೂ ಅವರದೇ ಸಾಥ್. ಮಗು ಯಾವ ಶ್ರುತಿಯಲ್ಲಿ ಬಾಯಿ ತೆರೆದರೂ ಅವರ ಬೆರಳು ಅಲ್ಲಿಗೆ ಸರಿದಿರುತ್ತಿತ್ತು. ತಪ್ಪು ಯಾರದೆಂದು ಸಭೆಗೆ ಗೊತ್ತಾಗುವ ಮೊದಲೇ ಅದು ತಪ್ಪಾಗಿ ಉಳಿಯುತ್ತಿರಲಿಲ್ಲ.

ಗೆಲ್ಲುವ ಮಗುವಿನಲ್ಲಿ ಏನಿರಬೇಕು ಎಂಬುದಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಲವು ಮತಗಳಿವೆ. ರೇಷ್ಮೆ ಲಂಗ ಎಂಬುದು ಒಂದು ಮತ. ಕೈಯಲ್ಲಿ ಅಭಿನಯ ಇರಬೇಕೆಂಬುದು ಇನ್ನೊಂದು. ಹಾಗಾಗಿ ಕೆಲವು ಮಕ್ಕಳು ಲಿಂಗ ಎಂದಾಗಲೆಲ್ಲ ಅಂಗೈ ತೋರಿಸಿ, ಬಯಲು ಎಂದಾಗಲೆಲ್ಲ ಟ್ರಾಫಿಕ್ ಪೊಲೀಸರಂತೆ ತೋಳು ಚಾಚುತ್ತಾರೆ. ಕಷ್ಟದ ತಾನ ಹೊಡೆದರೆ ಪಕ್ಕಾ ಬಹುಮಾನ ಎಂಬುದು ದುಡ್ಡು ಕೊಟ್ಟು ಕಲಿಸುವವರ ಮತ.

ನಮ್ಮವರ ಮತ ಬೇರೆ. ಸ್ಪರ್ಧೆ ಮುಗಿಸಿ ಬಂದು ರೊಟ್ಟಿಗೆ ಕೂತಾಗ, "ಯಾರು ಚಲೋ ಹಾಡಿದ್ರು?" ಎಂದು ನಾನು ಕೇಳುವುದಿತ್ತು. "ಹಾಡೂ ಮುಂದ ಎಲ್ಲಾರೂ ಹಾಡ್ತಾರ. ಹಾಡದಿದ್ದಾಗ ಏನ್ ಮಾಡ್ತಾರ, ಅದನ್ನ ನೋಡು" ಅನ್ನುತ್ತಿದ್ದರು. ಒಂದು ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ಮೊದಲು ಪೇಟಿ ಒಂದು ಸುತ್ತು ಹೋಗಿ ಬರುತ್ತದಲ್ಲ, ಆಗ ಹೆಚ್ಚಿನ ಮಕ್ಕಳು ಅಮ್ಮನನ್ನು ನೋಡುತ್ತಾರೆ, ಜಡೆ ಮುಟ್ಟಿಕೊಳ್ಳುತ್ತಾರೆ, ಫ್ಯಾನು ನೋಡುತ್ತಾರೆ. ನೂರರಲ್ಲಿ ಒಂದು ಮಗು ಪೇಟಿ ಕೇಳುತ್ತದೆ. ಸ್ವರ ತಪ್ಪಿದ ಮಕ್ಕಳನ್ನು ಅವರು ನಕ್ಕು ಬಿಡುತ್ತಿದ್ದರು. ಪೇಟಿಯ ಪಾಲಿನಲ್ಲಿ ಅವಸರ ಮಾಡಿ ನುಗ್ಗಿದವರ ಮೇಲೆ ಮಾತ್ರ ಅವರಿಗೆ ಮುನಿಸು. "ಎದುರಿನವರು ಮಾತಾಡೂ ಮುಂದ ನಡುವ ಬಾಯಿ ಹಾಕಬಾರದು ಅಂತ ಮನ್ಯಾಗ ಹೇಳಿಲ್ಲೇನು?"

ಆ ನೂರರಲ್ಲಿ ಒಂದು ಮಗು ಭೂಮಿ. ಕೆಳಗಿನ ಮಹಡಿಯ ಹುಡುಗಿ, ಏಳನೇ ಕ್ಲಾಸು. ಅವಳಿಗಾಗಿ ನಮ್ಮವರು ಒಂದು ವಚನಕ್ಕೆ ತಾವೇ ಧಾಟಿ ಕೂಡಿಸಿದ್ದರು. ಸಂಜೆ ಸಂಜೆ ನಮ್ಮ ಹಜಾರದಲ್ಲಿ ಕೂತು ಇಬ್ಬರೂ ಅದನ್ನು ತಿದ್ದಿ ತೀಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಅದನ್ನು ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಹಳೆಯ ಸ್ಪರ್ಧೆಗಳ ವಿಡಿಯೊಗಳನ್ನು ಎಲ್ಲರಿಂದ ಕೇಳಿ ತರಿಸಿಕೊಂಡು ನೋಡಿದ್ದೇನೆ. ಪ್ರತಿಯೊಂದರಲ್ಲೂ ಮಗು ನಡುವೆ ನಿಂತಿದೆ, ಅಂಚಿನಲ್ಲಿ ನಮ್ಮವರ ಮೊಣಕೈ ಇದೆ. ಮೊಣಕೈಯನ್ನು ನೋಡಿ ಅಳುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಈ ಸಲ ಗೆದ್ದವರಿಗೆ ಊರೊಳಗಿನ ದೊಡ್ಡ ಸಭೆಯಲ್ಲಿ ಹಾಡುವ ಅವಕಾಶವಿತ್ತು. ಮಕ್ಕಳ ವಿಭಾಗದಲ್ಲಿ ಭೂಮಿಗೆ ಇದೇ ಕೊನೆಯ ವರ್ಷ. ನನಗೂ ಒಂದು ಆಸೆ: ಅವಳು ಗೆದ್ದರೆ ಆ ಧಾಟಿ ಒಮ್ಮೆಯಾದರೂ ನಮ್ಮ ಗೇಟು ದಾಟಿ ಹೋಗಿ ನಾಲ್ಕು ಜನರ ಕಿವಿಗೆ ಬೀಳುತ್ತಿತ್ತು.

ಪೇಟಿ ಬಾರಿಸುವವರು ಇಲ್ಲವಾದ್ದರಿಂದ ಮಕ್ಕಳೆಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುವ ಟ್ರ್ಯಾಕ್ ಹಾಕಿಸಿಕೊಂಡು ಹಾಡಿದರು. ಭೂಮಿಯ ಧಾಟಿಗೆ ಟ್ರ್ಯಾಕ್ ಎಲ್ಲಿಂದ ಬರಬೇಕು? ಬೇರೆ ವಚನ ಹಾಡೆಂದು ಅವಳ ಅಮ್ಮ ತಿಂಗಳಿಂದ ಹೇಳಿದ್ದಳಂತೆ, ಇವಳು ಕೇಳಲಿಲ್ಲವಂತೆ. ಪ್ರದೀಪನ ಮೊಬೈಲಿನಲ್ಲಿ ತಂಬೂರಿ ಶ್ರುತಿ ಹಾಕಿಸಿ, ಬರಿಯ ಕೊರಳಲ್ಲಿ ಎತ್ತಿಕೊಂಡಳು.

ಮೊದಲ ಸಾಲು ಚೆನ್ನಾಗಿ ಬಂತು. ಆಮೇಲೆ ನಿಲ್ಲಿಸಿದಳು. ಸಭೆ ಕಾಯಿತು. ಯಾರೋ ಕೆಮ್ಮಿದರು. ಅವಳ ಅಮ್ಮ ಗಾಬರಿಯಾಗಿ ಎರಡನೇ ಸಾಲಿನ ಮೊದಲ ಶಬ್ದವನ್ನು ಕೇಳುವಷ್ಟು ಜೋರಾಗಿಯೇ ಹೇಳಿಕೊಟ್ಟಳು. ಭೂಮಿ ಅತ್ತ ನೋಡಲಿಲ್ಲ. ಎಡಗಡೆಗೆ, ನಮ್ಮವರು ಪೇಟಿ ಇಟ್ಟುಕೊಂಡು ಕೂರುತ್ತಿದ್ದ ಖಾಲಿ ಜಮಖಾನೆಯ ಕಡೆಗೆ ತುಸು ತಲೆ ವಾಲಿಸಿಕೊಂಡು ನಿಂತಿದ್ದಳು. ಅವಳು ಮರೆತಿರಲಿಲ್ಲ. ಪೇಟಿಯ ಪಾಲನ್ನು ಪೇಟಿಗೆ ಬಿಟ್ಟಿದ್ದಳು. ನನ್ನ ಕಿವಿಯಲ್ಲಿ ಅದು ಏರಿ, ಹೊರಳಿ, ಇಳಿದು ಬಂದು ನಿಂತಾಗ ಸರಿಯಾಗಿ ಅವಳೂ ಎರಡನೇ ಸಾಲು ಎತ್ತಿಕೊಂಡಳು. ಹಾಗೆಯೇ ಮುಂದಿನ ಸಾಲುಗಳಿಗೂ.

ನನ್ನ ಜೊತೆಗಿದ್ದ ತೀರ್ಪುಗಾರರು ವೈಟ್‌ಫೀಲ್ಡಿನಲ್ಲಿ ಸಂಗೀತ ಕಲಿಸುವ ಮೇಡಂ. "ಒಳ್ಳೇ ಕಂಠ. ಆದರೆ ಸಾಲು ಮರೀತಾಳೆ, ಪಾಪ" ಎಂದರು.

ನಾನು ಇದ್ದದ್ದನ್ನು ಹೇಳಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು ಕೇಳಿದರು. ಕೇಳಿಯಾದ ಮೇಲೆ, "ಅದು ನಿಮಗೆ ಕೇಳಿಸ್ತು ಮೇಡಂ. ನನಗೆ ಕೇಳಿಸ್ಲಿಲ್ಲ. ಕೇಳಿಸಿದ್ದಕ್ಕೆ ತಾನೇ ಅಂಕ ಕೊಡಬೇಕು?" ಎಂದರು. ತಪ್ಪೇನಿಲ್ಲ ಅವರ ಮಾತಿನಲ್ಲಿ. ನನಗೆ ಸಂಕಟವಾದದ್ದೂ ಅದಕ್ಕೇ.

ಇಬ್ಬರ ಅಂಕ ಕೂಡಿಸಿದಾಗ ಭೂಮಿ ಎರಡನೆಯವಳಾಗಿದ್ದಳು, ಒಂದೇ ಅಂಕದಿಂದ. ಮೇಡಂ ನನ್ನ ಹಾಳೆ ನೋಡಿ, "ನೀವೂ ಪೂರ್ತಿಗೆ ಒಂದು ಕಮ್ಮಿ ಹಾಕಿದ್ದೀರಲ್ಲ? ತಿದ್ದೋದಾದ್ರೆ ತಿದ್ದಿ, ಇಬ್ಬರಿಗೂ ಮೊದಲನೇದು ಕೊಡೋಣ" ಎಂದರು. ದೊಡ್ಡ ಮನಸ್ಸು ಅವರದು. ನಾನು ಪೆನ್ನು ಹಿಡಿದೆ. ಮುಚ್ಚಳ ತೆಗೆದೆ. ಬರೆಯಲು ಆಗಲಿಲ್ಲ, ಇರಲಿ ಬಿಡಿ ಎಂದೆ. ಇವತ್ತಿಗೂ ಆ ಅಂಕ ಕಣ್ಣಿಗೆ ಬಿದ್ದ ಕಸದ ಹಾಗೆ ಒತ್ತುತ್ತದೆ. ಹಾಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಒಂದು ಧಾಟಿ ಊರು ನೋಡಿ ಬರುತ್ತಿತ್ತು.

ಬಹುಮಾನ ಹಂಚಿ ಜನ ಕೋಸಂಬರಿ, ಪಾನಕದ ಕಡೆ ಹೋದರು. ಭೂಮಿ ನನ್ನ ಹತ್ತಿರ ಬಂದಳು. ಅತ್ತು ಮುಖ ತೊಳೆದಿದ್ದಳು.

"ಆಂಟಿ, ಕೊನೇ ಸಾಲಿಗೆ ಮುಂಚೆ ನಾನು ಬೇಗ ಎತ್ಕೊಂಡ್ಬಿಟ್ನಲ್ವಾ? ಅಲ್ಲಿ ಅಂಕಲ್ ಇನ್ನೊಂದು ರೌಂಡ್ ಹೋಗ್ತಿದ್ರು."

"ಹೌದವಾ" ಅಂದೆ. "ಒಂದು ಮಾರ್ಕು ಅದಕ್ಕ ಹಿಡದೀನಿ."

ಅವಳು ನನ್ನನ್ನೇ ನೋಡಿದಳು. ಇನ್ನೇನು ಮತ್ತೆ ಅಳುತ್ತಾಳೆ ಅಂದುಕೊಂಡೆ.

"ಅಂಕಲ್ ಆಗಿದ್ರೆ ಎರಡು ಕಟ್ ಮಾಡ್ತಿದ್ರು ಬಿಡಿ" ಅಂದಳು.

"ಮೂರು" ಅಂದೆ.