ಮೋಡವಿಲ್ಲದ ಹೊಳೆ

ನನ್ನ ಗಂಡನಿಗೆ ಊರೂರು ತೋರಿಸುವ ಹುಚ್ಚು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಮ್ಮ ಮದುವೆಯಾಗಿ ವರ್ಷ ದಾಟಿತ್ತು. ಶ್ರಾವಣದಲ್ಲಿ ನಾನು ಪಂಚಮಿಗೆ ತವರಿಗೆ ಹೋಗಿ ಬಂದದ್ದೇ ತಡ, ಮುನಿರಾಬಾದಿನ ಡ್ಯಾಮು, ಹುಲಿಗೆಮ್ಮನ ಗುಡಿ, ಆನೆಗೊಂದಿ, ಅಂಜನಾದ್ರಿ, ಹೊಳೆ ದಾಟಿದರೆ ಹಂಪಿ ಎಂದು ಬೆರಳು ಮಡಚುತ್ತ ಕೂತ. ನಾವಿಬ್ಬರೇ ಹೋಗುವುದು ಅಂದುಕೊಂಡು ನಾನು ಹೊಸ ಸೀರೆ ಉಟ್ಟು ಸಿದ್ಧಳಾದೆ. ನೋಡಿದರೆ ಅತ್ತೆ ನನಗಿಂತ ಮೊದಲೇ ಬುತ್ತಿಗಂಟು ಹಿಡಿದುಕೊಂಡು ಕುಷ್ಟಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಳೆ. ನಾನು ಒಳಗೊಳಗೇ ಕುದ್ದೆ.

ದಾರಿಯುದ್ದಕ್ಕೂ ಆಕೆಯ ಬಾಯಿಗೆ ಬಿಡುವಿರಲಿಲ್ಲ. ನಾನು ಬಡಿದ ರೊಟ್ಟಿ ದಪ್ಪ, ನನ್ನ ಸೆರಗು ಜಾರುತ್ತದೆ, ನಾನು ಕಿಟಕಿಯಾಚೆ ನೋಡುವುದು ಜಾಸ್ತಿ. ಅವತ್ತು ಡ್ಯಾಮಿನ ಮೇಲೆ ನಿಂತಾಗ ಮಾತ್ರ ಆಕೆಯ ಮಾತು ನಿಂತಿತು. ಕಣ್ಣು ಹಾಯುವಷ್ಟು ದೂರ ತುಂಬಿ ನಿಂತ ನೀರು. ಬಾವಿ ನೀರನ್ನು ಸೇದಿ ಸೇದಿ ಅಂಗೈ ಗಟ್ಟಿಯಾದ ಹೆಂಗಸು ಅದನ್ನು ನೋಡಿ ಕೈ ಮುಗಿದಳು. ಗೇಟುಗಳು ಮುಚ್ಚಿದ್ದವು. ಗಂಡ ಅವನ್ನು ತಾನೇ ಕೂರಿಸಿದವನಂತೆ ವಿವರಿಸಿದ. ರಾತ್ರಿ ಮರಳಿ ಎಂಬ ಊರಿನಲ್ಲಿ ನಮ್ಮ ಬೀಗರ ಮನೆಯಲ್ಲಿ ಉಳಿದೆವು.

ಮಾರನೆಯ ದಿನ ಬೆಳಿಗ್ಗೆ ಅಂಜನಾದ್ರಿ ಹತ್ತಿ ಇಳಿದೆವು. ಇಳಿಯುವಾಗ ಅತ್ತೆಯ ಮೊಣಕಾಲು ನಡುಗುತ್ತಿದ್ದವು. ಕೂತು ಬುತ್ತಿ ಬಿಚ್ಚೋಣವೆಂದರೆ ಆಕೆ ಒಪ್ಪಲಿಲ್ಲ. ನಮ್ಮ ಕಡೆ ಒಂದು ಪದ್ಧತಿ. ಹೊಳೆಗೆ ಹೋದ ಹೆಂಗಸರು ಐದು ಕಲ್ಲು ಇಟ್ಟು ಅರಿಸಿನ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು, ಗಂಗವ್ವನಿಗೆ ಎಡೆ ತೋರಿಸಿಯೇ ಉಣ್ಣಬೇಕು. ಅದೂ ನಿಂತ ನೀರಿನಲ್ಲಲ್ಲ, ಹರಿಯುವ ನೀರಿನ ಬಾಯಲ್ಲೇ ಆಗಬೇಕು.

ಆನೆಗೊಂದಿಯ ದಂಡೆಯಲ್ಲಿ ನೀರು ಕಡಿಮೆಯಿತ್ತು. ಆನೆಯ ಗಾತ್ರದ ಬಂಡೆಗಳು ಮೈ ಒಣಗಿಸಿಕೊಂಡು ಬಿದ್ದಿದ್ದವು. ಅತ್ತೆ ತಲೆ ಎತ್ತಿ ನಾಲ್ಕೂ ದಿಕ್ಕಿನ ಆಕಾಶ ನೋಡಿದಳು. ನಮ್ಮೂರ ಹಳ್ಳ ತುಂಬಿ ಬರುವ ಮುಂಚೆ ಎಲ್ಲೋ ಒಂದು ಕಡೆ ಕರಿಮೋಡ ಕಟ್ಟುತ್ತದೆ. ಅದು ಇಲ್ಲವೆಂದು ನೋಡಿಕೊಂಡೇ ನಮ್ಮವರು ಹಳ್ಳಕ್ಕೆ ಇಳಿಯುವುದು.

“ಮ್ವಾಡ ಇಲ್ಲ, ಏನಿಲ್ಲ. ಬಾ,” ಎಂದಳು.

ಹೊಳೆಗೂ ಅದೇ ಲೆಕ್ಕವೆಂದು ನಾನೂ ನಂಬಿದೆ. ಮಳೆ ಎಲ್ಲೋ ಮಲೆನಾಡಿನಲ್ಲಿ ಬೀಳುತ್ತದೆ, ನೀರು ಬಂದು ಡ್ಯಾಮು ತುಂಬುತ್ತದೆ, ತುಂಬಿದರೆ ಗೇಟು ಎತ್ತುತ್ತಾರೆ ಎಂಬುದು ನಿನ್ನೆಯಷ್ಟೇ ಅದರ ಮೇಲೆ ನಿಂತು ಬಂದ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಿನ್ನೆ ನೋಡಿದ ನೀರೇ ಬೇರೆ, ಇವತ್ತಿನ ಹೊಳೆಯೇ ಬೇರೆ ಅಂದುಕೊಂಡಿದ್ದೆವು. ನೀರು ಬಿಡುತ್ತಾರೆಂದು ಊರಲ್ಲಿ ಡಂಗುರ ಸಾರಿದ್ದರಂತೆ. ಆಗ ನಾವು ಗುಡ್ಡದ ಮೇಲಿದ್ದೆವು.

ಗಂಡ ಹಂಪಿ ಕಡೆ ದಾಟಲು ಹರಗೋಲು ಗೊತ್ತು ಮಾಡಿ ಬರುತ್ತೇನೆಂದು ದಂಡೆಗುಂಟ ಹೋದ. ಅತ್ತೆ ಬಂಡೆಯಿಂದ ಬಂಡೆಗೆ ಕೂತುಕೊಂಡೇ ಸರಿಯುತ್ತ ಹೊಳೆಯೊಳಗಿನ ಕೊನೆಯ ಬಂಡೆಗೆ ಹೋಗಿ ಪೂಜೆಗೆ ಕೂತಳು. ನಾನು ಅದಕ್ಕಿಂತ ಈಚೆಯ ಬಂಡೆಯ ಮೇಲೆ ಬುತ್ತಿ ಬಿಚ್ಚತೊಡಗಿದೆ. ಹಸಿವಾಗಿತ್ತು, ಸಿಟ್ಟೂ ಇತ್ತು. ಆಕೆ ಒಂದೊಂದು ಕಲ್ಲಿಗೂ ನಿಧಾನವಾಗಿ ಕುಂಕುಮ ಹಚ್ಚುವುದು ನೋಡಿ, ಈ ಮುದುಕಿ ಬೇಕೆಂದೇ ತಡ ಮಾಡುತ್ತಿದ್ದಾಳೆ ಅಂದುಕೊಂಡೆ.

ಮೊದಲು ಹೋದದ್ದು ನನ್ನ ಚಪ್ಪಲಿ. ಬಂಡೆಯ ಬುಡದಲ್ಲಿ ಬಿಟ್ಟಿದ್ದೆ. ತಿರುಗಿ ನೋಡಿದರೆ ತೇಲಿಕೊಂಡು ಹೊರಟಿದೆ. ಗಾಳಿಗೆ ಜಾರಿತೇನೋ ಎನ್ನುವಷ್ಟರಲ್ಲಿ ನೀರಿನ ಸದ್ದು ಬದಲಾಯಿತು. ನನ್ನ ಬಂಡೆಗೂ ಆಕೆಯ ಬಂಡೆಗೂ ನಡುವೆ ಈಗ ತಾನೇ ಪಾದ ತೋಯದಂತೆ ದಾಟಿದ ಜಾಗದಲ್ಲಿ ಕೆಂಪು ನೀರು ನುಗ್ಗುತ್ತಿತ್ತು. ಆಕಾಶದಲ್ಲಿ ಒಂದು ಹಿಡಿ ಮೋಡವಿರಲಿಲ್ಲ.

ನಾನು ಕೂಗಿದೆ. ಅತ್ತೆ ಎದ್ದು ನಿಂತಳು. ಕಾಲು ಇಳಿಸಿ ನೋಡಿ ಹಿಂದಕ್ಕೆ ಎಳೆದುಕೊಂಡಳು. ಮೆಟ್ಟುವ ಕಲ್ಲು ಕಾಣದೆ ಆಕೆ ಹೆಜ್ಜೆ ಇಡುವಂತಿರಲಿಲ್ಲ, ಜಿಗಿಯಲು ಮೊಣಕಾಲಿನಲ್ಲಿ ಬಲವಿರಲಿಲ್ಲ. ನನ್ನ ಹಿಂದೆ, ದಂಡೆಯ ಕಡೆಗೆ, ಇನ್ನೂ ಮೊಣಕಾಲುದ್ದ ನೀರಷ್ಟೇ. ನಾನು ಹೋಗಬಹುದಿತ್ತು. ಆದರೆ ಆಕೆಯನ್ನು ಅಲ್ಲಿ ಬಿಟ್ಟು ಬೆನ್ನು ತಿರುಗಿಸಲು ಕಾಲು ಏಳಲಿಲ್ಲ. ಸೆರಗು ಸೊಂಟಕ್ಕೆ ಕಟ್ಟಿ ಆಕೆಯ ಕಡೆಗೇ ಇಳಿಯಲು ನೋಡಿದೆ.

“ಇಳೀಬ್ಯಾಡ,” ಎಂದು ಆಕೆ ಗದರಿದಳು. “ಬಸರಿ ಇದ್ದಿ ನೀ. ನನಗ ಗೊತ್ತಿಲ್ಲಂತ ತಿಳಕೊಂಡಿಯೇನು? ದಂಡಿಗಿ ಹೋಗು.”

ನನಗೆ ಎರಡು ತಿಂಗಳಾಗಿತ್ತು. ತವರಲ್ಲಿ ಅವ್ವನಿಗೂ ಹೇಳಿರಲಿಲ್ಲ, ಗಂಡನಿಗಂತೂ ಇಲ್ಲವೇ ಇಲ್ಲ. ಬಸ್ಸಿನಲ್ಲಿ ನನ್ನನ್ನು ಹಿಂದಿನ ಸೀಟಿನಿಂದ ಎಬ್ಬಿಸಿ ಮುಂದೆ ಕೂರಿಸಿದ್ದು, ಬೀಗರ ಮನೆಯಲ್ಲಿ ಪಪ್ಪಾಯಿ ಹೋಳನ್ನು ನನ್ನ ತಟ್ಟೆಯಿಂದ ಎತ್ತಿಕೊಂಡದ್ದು, ಎಲ್ಲವೂ ಆ ಬಂಡೆಯ ಮೇಲೆ ಅರ್ಥವಾಗಿ ಇನ್ನಷ್ಟು ಕಂಗಾಲಾದೆ. ಅಷ್ಟರಲ್ಲಿ ಹಿಂದಿನ ದಾರಿಯೂ ಮುಚ್ಚಿತು.

ಗಂಡ ದಂಡೆಯಲ್ಲಿ ಓಡುತ್ತ ಬರುವುದು ಕಂಡಿತು. ಮೇಲಿನಿಂದ ಒಂದು ತೊಗಲಿನ ಹರಗೋಲು ಸುತ್ತುತ್ತ ಬಂತು. ಅಂಬಿಗ ಹುಟ್ಟನ್ನು ಬಂಡೆಗೆ ಒತ್ತಿ ನನ್ನ ಪಕ್ಕ ಅದನ್ನು ತಡೆದ. ಮೊದಲು ಆಕೆಯ ಬಳಿ ಹೋಗು ಎಂದು ನಾನು ಅವನಿಗೆ ಕೈ ಮುಗಿದೆ.

“ಸೆಳವು ಭಾಳ ಐತ್ರಿ. ಒಂದ ಸಲಕ್ಕ ಒಂದ ಬಂಡಿಗಲ್ಲ ಹಿಡಿಯಾಕ ಆಗತೈತಿ. ಇನ್ನೊಂದಕ್ಕ ಮತ್ತ ಮ್ಯಾಲಿಂದ ಬರಬೇಕ,” ಎಂದ.

“ಆಕಿನ್ನ ಒಯ್ಯಪಾ. ನಾ ಇಲ್ಲೇ ಅದೀನಿ,” ಎಂದಳು ಅತ್ತೆ, ಬಸ್‌ಸ್ಟ್ಯಾಂಡಿನಲ್ಲಿ ಗಂಟು ಕಾಯುವವಳ ಹಾಗೆ. ನಾನು ಅಳುತ್ತಿದ್ದೆ. ಆಕೆಯ ಮುಖದಲ್ಲಿ ಏನೂ ಇರಲಿಲ್ಲ. ಎಂಥ ಕಲ್ಲುಗುಂಡಿಗೆಯವಳು ಅನ್ನಿಸಿತು. ನಾನು ಹರಗೋಲು ಹತ್ತಿದೆ.

ಹರಗೋಲು ಸೆಳೆತಕ್ಕೆ ಸಿಕ್ಕಿ ಬಹಳ ಕೆಳಗೆ ಹೋಗಿ ದಂಡೆ ಮುಟ್ಟಿತು. ಅಂಬಿಗನೂ ಗಂಡನೂ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ಕಲ್ಲು ಮುಳ್ಳಿನ ಮೇಲೆ ಏಳುತ್ತ ಬೀಳುತ್ತ ಮೇಲಕ್ಕೆ ಓಡಿದರು. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಬಂಡೆಯ ನೇರಕ್ಕೆ ಬಂದಾಗ ನೀರು ಆಕೆಯ ಮೀನಖಂಡದವರೆಗೆ ಏರಿತ್ತು. ಆಕೆ ದಂಡೆಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಎಷ್ಟು ಕೂಗಿದರೂ ತಿರುಗಲಿಲ್ಲ. ಈ ಹೊತ್ತಿನಲ್ಲೂ ಎಂಥ ಹಟ ಎಂದು ಬೈದುಕೊಂಡೆ, ಎಲ್ಲ ದೇವರನ್ನೂ ನೆನೆದೆ. ಹರಗೋಲು ಮೇಲಿನಿಂದ ಬಂತು, ಬಂಡೆ ತಪ್ಪಿ ಮುಂದೆ ಹೋಯಿತು ಎನ್ನುವಾಗ ಅಂಬಿಗ ಬಾಗಿ ಆಕೆಯ ಸೀರೆ ಹಿಡಿದೆಳೆದ. ಆಕೆ ಒಳಗೆ ಬಿದ್ದಳು.

ದಂಡೆಗೆ ಬಂದ ಮೇಲೆ ಗಂಡ ಒಂದು ಗಿಡಕ್ಕೆ ಹಣೆ ಹಚ್ಚಿ ನಿಂತ. ನಾನು ಆಕೆಯ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದೆ. ಮಂಜಿನಂತೆ ತಣ್ಣಗಿದ್ದವು. ಕೂಗಿದರೂ ಯಾಕೆ ತಿರುಗಲಿಲ್ಲ ಎಂದು ಜಗಳಕ್ಕೆ ಬಿದ್ದವಳಂತೆ ಕೇಳಿದೆ. ಆಗ ಆಕೆಯ ಮುಖ ನೋಡಿದೆ. ಕಣ್ಣು ಬಾತು ಕೆಂಪಾಗಿದ್ದವು.

“ನೀ ಹೋದ ಮ್ಯಾಲ ಭಾಳ ಅತ್ನಿ,” ಎಂದಳು, ಮಗನಿಗೆ ಕೇಳಿಸದ ಹಾಗೆ. “ಸಾಯಾಕ ಭಾಳ ಅಂಜಿಕಿ ಬಂತವ್ವ ನನಗ. ನಿನ್ನ ಮುಂದ ಅತ್ತಿದ್ರ, ನೀ ಹರಗೋಲ ಹತ್ತತಿರಲಿಲ್ಲ.”