ಹಲಗೆಗಿಂತ ಮೊದಲು ಬಾಯಿ ತೆರೆಯದವರು

ಖಾನಾಪುರ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ತಾಲ್ಲೂಕು ಕಚೇರಿಯ ಗೋಡೆಗೆ ಒಂದು ಕರಿಹಲಗೆ, ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಗುರುಪುತ್ರಪ್ಪನವರು. ನಿನ್ನೆ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಲಗೆ ಆರುವುದನ್ನು ಕಾಯುತ್ತಿದ್ದಾರೆ. ಕೆಳಗೆ ಡಬ್ಬಿ ಹಿಡಿದು ಕುಳಿತ ಬಾಳವ್ವನಿಗೆ ಅಷ್ಟು ತಾಳ್ಮೆಯಿಲ್ಲ.

"ಯಣ್ಣಾ, ಚಿಮಣಿ ಎಣ್ಣಿ ಬಂದೈತೇನು?"

"ಬರೀತೀನಿ, ಓದವಾ."

"ನನಗ ಓದಾಕ ಬರೂದಿಲ್ಲೋ ಯಪ್ಪಾ!"

"ಬರದ ಮ್ಯಾಲ ಓದಿ ಹೇಳ್ತೀನಿ. ಮೊದಲ ಹೇಳಾಂಗಿಲ್ಲ."

ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು. ಅಕ್ಕಿ ಇಷ್ಟು ಚೀಲ, ಚಿಮಣಿ ಎಣ್ಣೆ ಇಷ್ಟು ಪೀಪಾಯಿ, ಗೋದಿ ಇಲ್ಲ. ಬರೆದು ಕೆಳಗಿಳಿದು ಗಟ್ಟಿಯಾಗಿ ಓದುತ್ತಾರೆ. ಬಾಳವ್ವ ಡಬ್ಬಿ ಎತ್ತಿಕೊಂಡು ರೇಷನ್ ಅಂಗಡಿಯತ್ತ ಓಡುತ್ತಾಳೆ. "ಇಲ್ಲ ಅಂತ ಬರದ ದಿನಾ ಕನ್ನಡದಾಗೂ ಬೈಸಿಕೊಂಡೇನಿ, ಮರಾಠ್ಯಾಗೂ ಬೈಸಿಕೊಂಡೇನಿ" ಎಂದು ನಗುತ್ತಾರೆ ಗುರುಪುತ್ರಪ್ಪ. ಊರಿಗೆಲ್ಲ ಅವರ ಅಕ್ಷರದ ಗುರುತುಂಟು, ಅವರ ಮನೆಯ ದಾರಿ ಯಾರಿಗೂ ಅಷ್ಟಾಗಿ ತಿಳಿಯದು.

ಎಪ್ಪತ್ತೊಂದರ ಯುದ್ಧ ಮುಗಿದರೂ ಅಭಾವ ಮುಗಿಯಲಿಲ್ಲ. ಬೆಳಗಾವಿಯ ಉಗ್ರಾಣದಿಂದ ಲಾರಿ ಹೊರಡುವ ಸುದ್ದಿ ಯಾರ ಕಿವಿಗೆ ಮೊದಲು ಬೀಳುತ್ತಿತ್ತೋ ಅವರ ಮನೆ ತುಂಬುತ್ತಿತ್ತು, ಉಳಿದವರು ಖಾಲಿ ಚೀಲ ಮಡಚಿಕೊಂಡು ಹೋಗುತ್ತಿದ್ದರು. ಅದಕ್ಕೆ ಮೇಲಿನವರು ಕಟ್ಟಪ್ಪಣೆ ಮಾಡಿದರು: ಯಾವ ಸರಕು ಎಷ್ಟು ಬಂತೆಂಬುದು ಬೆಳಿಗ್ಗೆ ಹಲಗೆಯ ಮೇಲೆ ಎಲ್ಲರಿಗೂ ಒಮ್ಮೆಲೇ ತಿಳಿಯಬೇಕು, ಅದಕ್ಕೆ ಮೊದಲು ಯಾರಿಗೂ ತಿಳಿಯಬಾರದು. ಪೂರೈಕೆ ಲೆಕ್ಕದ ಗುಮಾಸ್ತರಾಗಿದ್ದ ಗುರುಪುತ್ರಪ್ಪನವರ ಕೊರಳಿಗೆ ಈ ಕೆಲಸ ಬಿತ್ತು. ಮಧ್ಯಾಹ್ನದ ಬಸ್ಸಿಗೆ ಬೆಳಗಾವಿ, ಉಗ್ರಾಣದಲ್ಲಿ ಮರುದಿನದ ಲೆಕ್ಕ, ಸಂಜೆಗೆ ವಾಪಸ್ಸು. ಅಂದಿನಿಂದ ಇಂದಿನವರೆಗೆ, ಈ ಎಂಬತ್ಮೂರನೆಯ ಇಸವಿಯಲ್ಲೂ, ಅದೇ ದಿನಚರಿ.

ಸಂಜೆಯಿಂದ ಬೆಳಗಿನವರೆಗೆ ಹೊಟ್ಟೆಯಲ್ಲಿ ಸುದ್ದಿ ಇಟ್ಟುಕೊಂಡು ಸುಮ್ಮನಿರುವುದು ಎಂಥ ಕಷ್ಟವೆಂದು ಬಸ್ ಸ್ಟ್ಯಾಂಡಿನ ಬಾಜುವಿನ ಚಹಾದಂಗಡಿಯ ಕಾಸಿಮಸಾಬರನ್ನು ಕೇಳಬೇಕು. "ಇವ್ರು ಚಹಾ ಪೂರಾ ಕುಡದ್ರ ಸಕ್ರಿ ಬಂತು, ಅರ್ಧಾ ಬಿಟ್ರ ಬಂದಿಲ್ಲ ಅಂತ ಮಂದಿ ಲೆಕ್ಕಾ ಹಾಕತಿದ್ರು. ಒಂದಿನಾ ಇವ್ರು ದಾಡಿ ಮಾಡಿಕೊಂಡ ಬಂದಿದ್ದಕ್ಕ ರೇಷನ್ ಅಂಗಡಿ ಮುಂದ ಪಾಳೇ ಹಚ್ಚಿದ್ರು ನೋಡ್ರಿ! ಅವತ್ತಿಂದ ಚಹಾಕ್ಕ ಬರೂದ ಬಿಟ್ರು."

ಚಹಾ ಬಿಟ್ಟರು, ಕಟ್ಟೆ ಬಿಟ್ಟರು, ನೆರೆಯವರ ಮನೆಯ ಕಾರ್ಯಗಳನ್ನೂ ಬಿಟ್ಟರು. ಮದುವೆಯೂ ಆಗಲಿಲ್ಲ. ಏಕೆಂದು ಕೇಳಿದರೆ "ಮಾತಾಡದವಗ ಹೆಣ್ಣ ಯಾರ ಕೊಡ್ತಾರ್ರಿ?" ಎನ್ನುತ್ತಾರೆ. ಕೋಣೆಯಲ್ಲಿ ಒಂದು ಒಲೆ, ಒಂದು ಹಾಸಿಗೆ. ಒಬ್ಬ ಮನುಷ್ಯ ಇಷ್ಟು ಒಂಟಿಯಾಗಿ ಬದುಕಬಾರದು ಎಂದು, ಪತ್ರಿಕೆಗೆ ಬರೆಯಲು ಹೋಗಿ ಅಲ್ಲಿ ಕುಳಿತಾಗ ನನಗೆ ಅನ್ನಿಸಿತು.

ಇರುವ ಒಬ್ಬರೇ ತಂಗಿ ಬಸವಣ್ಣೆವ್ವ ನಂದಗಡದಲ್ಲಿದ್ದಾರೆ. ಎಪ್ಪತ್ನಾಲ್ಕರಲ್ಲಿ ಮಗಳ ಮದುವೆಗೆ ಸಕ್ಕರೆಯ ಚೀಟಿ ಹಿಡಿದು ಖಾನಾಪುರಕ್ಕೆ ಬಂದರು. ಹಲಗೆಯ ಮೇಲೆ ಸಕ್ಕರೆ ಇರಲಿಲ್ಲ. ಸಂಜೆ ಅಣ್ಣನ ಕೋಣೆಗೆ ಹೋದರು. ಮರುದಿನ ಸಕ್ಕರೆ ಬರುವುದು ಅಣ್ಣನಿಗೆ ಆಗಲೇ ಗೊತ್ತಾಗಿತ್ತು. ತಂಗಿ ಕೇಳಿದರು, ಅಣ್ಣ ಬಾಯಿ ಬಿಡಲಿಲ್ಲ. ತಂಗಿ ಕಡೆಯ ಬಸ್ಸಿಗೆ ಊರಿಗೆ ಮರಳಿದರು. ಮರುದಿನ ಸಕ್ಕರೆ ಬಂದ ಸುದ್ದಿ ನಂದಗಡ ಮುಟ್ಟುವಷ್ಟರಲ್ಲಿ ಚೀಲಗಳು ಬರಿದಾಗಿದ್ದವು. ಮದುವೆ ಬೆಲ್ಲದಲ್ಲಿ ಆಯಿತು, ಬೀಗರು ಆಡಿಕೊಂಡರು. ಅಂದಿನಿಂದ ಪ್ರತಿ ಪಂಚಮಿಗೂ ಅಣ್ಣ ಕರೆಯಲು ಹೋಗುತ್ತಾರೆ. ತಂಗಿ ನೀರು ಕೊಡುತ್ತಾರೆ, ತವರಿಗೆ ಬರುವುದಿಲ್ಲ.

"ಒಂದ ಸಕ್ರಿ ಸಂಬಂಧ ತಂಗೀನ ಕಳಕೊಂಡೆ ಸರ" ಎಂದರು ಗುರುಪುತ್ರಪ್ಪ. ಪತ್ರಕರ್ತನ ಕಾಲು ಸುಮ್ಮನಿರುತ್ತದೆಯೇ? ನಾನು ನಂದಗಡದ ಬಸ್ಸು ಹತ್ತಿದೆ.

ಬಸವಣ್ಣೆವ್ವ ಜೋಳ ಹಸನು ಮಾಡುತ್ತಿದ್ದರು. ಅಣ್ಣನ ಹೆಸರೆತ್ತಿದಾಗ ಮೊರ ನಿಂತಿತು. "ಸಕ್ರಿ ಮಾತ ಬಿಡ್ರಿ. ಬೆಲ್ಲದಾಗ ಮದವಿ ಆದ್ರ ಮಗಳ ಬಾಳೇವ ಏನ ಕೆಟ್ಟಿತಾ? ಹೊತ್ತ ಮುಳಗಿತ್ತು. ಹೊಂಡತೀನಿ ಅಂದ್ರ, 'ಇರವಾ, ನಾಳೆ ಹೋಗೀಯಂತ' ಅನಲಿಲ್ಲ ಅಂವ. ಹೂಂ ಅಂದ, ಅಷ್ಟ. ಅವ್ವ ಅಪ್ಪ ಇಲ್ಲದಾಕಿಗೆ ತವರಮನಿ ಅಂದ್ರ ಅದೊಂದ ಮಾತಲ್ರೀ?"

ಮರಳಿ ಬಂದು ಈ ಮಾತನ್ನು ಗುರುಪುತ್ರಪ್ಪನವರಿಗೆ ಹೇಳಿದೆ.

"ಇರು ಅಂದ್ರ ಸುಳಿವು ಕೊಟ್ಟಂಗ ಆಕ್ಕೈತಿ ಅಂತ ಅಂಜಿದ್ನಿರಿ. ಯಾಕ ಇರು ಅಂದ, ನಾಳೆ ಏನೈತಿ ಅಂತ ಆಕಿಗೆ ತಿಳೀತಿತ್ತು. ಸಕ್ರಿ ಸುದ್ದಿ ಇವತ್ತೂ ಹೇಳಾಂವ ಅಲ್ಲ. ಆದ್ರ ಆಕಿ ಸಕ್ರಿಗೆ ಸಿಟ್ಟಾಗ್ಯಾಳ ಅಂತನ ಇಷ್ಟ ವರ್ಷ ತಿಳಕೊಂಡಿದ್ದೆ."

ಈಗ ಸಕ್ಕರೆ ಸಂತೆಯಲ್ಲೂ ಸಿಗುತ್ತದೆ. ಹಲಗೆ ಓದುವವರು ಕಡಿಮೆಯಾಗಿದ್ದಾರೆ, ಬಸ್ಸಿನಲ್ಲಿ ಸುದ್ದಿ ಕೇಳಿ ಕಾಡುವವರೂ ಇಲ್ಲ. ಗುರುಪುತ್ರಪ್ಪನವರು ಮಾತ್ರ ಒಂದು ಮುಂಜಾನೆಯೂ ತಪ್ಪಿಸಿಲ್ಲ. ಪಂಚಮಿಗೆ ತಂಗಿಯ ಊರಿಗೆ ಹೋದರೂ ಕಡೆಯ ಬಸ್ಸಿಗೆ ಮರಳಿ ಬಂದವರೇ. ಬರುವ ವಾರ ಮತ್ತೆ ಪಂಚಮಿ.

"ಈ ಸಲಾನೂ ಕರಿಯಾಕ ಹೋಗ್ತೀರಾ?" ಎಂದೆ.

"ಹೋಗ್ತೀನ್ರಿ. ಹಲಗಿ ಬರಿಯಾಕ ಬ್ಯಾರೆಯವರಿಗೆ ಹೇಳೇನಿ. ಎರಡ ದಿನಾ ರಜಾ ಹಾಕೇನಿ, ಇದ ಮೊದಲನೇದ್ದು. ಆಕಿ ಬರ್ತಾಳಿಲ್ಲೋ ಗೊತ್ತಿಲ್ಲ. ಅಕಸ್ಮಾತ್ ನನಗ 'ಇರಣ್ಣಾ' ಅಂದ್ಲಂದ್ರ, ಇರಾಕ ಬರಬೇಕಲ್ರೀ."