ಉಡಿಗಾಲಕ್ಕೆ ಕಾಣದ ಬಾವುಟ

ತೇಜಸ್ವಿನಿಗೆ ಕಂಪ್ಯೂಟರ್ ಕೆಲಸ ಕಲಿಸಿದವರು ಮೃತ್ಯುಂಜಯ. ಚಾಮರಾಜನಗರದಲ್ಲಿ ಅವರದೊಂದು ಪುಟ್ಟ ಆಫೀಸು. ಅಂಗಡಿಯವರಿಗೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕಸುಬು. ಹತ್ತಿರದ ಹಳ್ಳಿ ಉಡಿಗಾಲದಿಂದ ಬಸ್ಸು ಹತ್ತಿ ಬರುತ್ತಿದ್ದ ಈ ಹುಡುಗಿಗೆ ಮೊದಲ ದಿನವೇ ಅವರು ಒಂದು ಪಾಠ ಹೇಳಿದರು: ಏನಾದರೂ ಕೆಟ್ಟರೆ ಮೊದಲು ನಿನ್ನ ತಪ್ಪು ಹುಡುಕು, ಬೇರೆಯವರದು ಆಮೇಲೆ. ತೇಜಸ್ವಿನಿ ಅದನ್ನು ವೇದವಾಕ್ಯದಂತೆ ನಂಬಿದಳು. ನಂಬಬಾರದಿತ್ತು, ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಗುರುವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಚೆಂಡುಹೂವಿನಿಂದ ಬಣ್ಣ ತೆಗೆಯುವ ಕಂಪನಿಯೊಂದು ಇವರ ಆಫೀಸಿಗೆ ಒಂದು ಮ್ಯಾಪಿನ ಕೆಲಸ ಕೊಟ್ಟಿತು. ಹೂವು ಕೊಳ್ಳುವ ಲಾರಿ ಇವತ್ತು ಯಾವ ಊರಿನ ಯಾವ ಮೂಲೆಯಲ್ಲಿ ನಿಲ್ಲುತ್ತದೆ ಎಂದು ರೈತರ ಫೋನಿನಲ್ಲಿ ಕೆಂಪು ಬಾವುಟ ಕಾಣಬೇಕು. ಕಿತ್ತ ಹೂವು ಕಾಯುವುದಿಲ್ಲ. ಲಾರಿ ತಪ್ಪಿದರೆ ಮೂಟೆಯಲ್ಲೇ ಬಾಡಿ ತೂಕ ಇಳಿಯುತ್ತದೆ. ಮ್ಯಾಪಿನ ಬಹುಪಾಲನ್ನು ತೇಜಸ್ವಿನಿಯೇ ಬರೆದಳು. ತನ್ನ ಊರಿನ ಹೆಂಗಸರ ಮನೆಮನೆಗೆ ಹೋಗಿ ತೋರಿಸಿಯೂ ಕೊಟ್ಟಳು. ಆ ದಿನ ಮೃತ್ಯುಂಜಯ ಉಡಿಗಾಲಕ್ಕೆ ಬಂದಿದ್ದರು. ದೊಡ್ಡ ಮನೆತನದವರು, ಜಗುಲಿಯಲ್ಲೇ ನಿಂತು ಹೋಗುತ್ತಾರೆಂದುಕೊಂಡರೆ ಒಳಗೆ ಬಂದು ಕೂತು, ಅವಳ ಅವ್ವ ಪುಟ್ಟಸಿದ್ದಮ್ಮ ಬಡಿಸಿದ ಮುದ್ದೆ, ಅವರೆಕಾಳು ಸಾರು ಉಂಡರು. "ನಿಮ್ಮ ಕೂಸು ನನ್ನ ಮಗಳಿದ್ದಂಗೆ" ಎಂದರು. ಅವ್ವ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಹೂವು ಭರಪೂರ ಬರುವ ಹೊತ್ತಿಗೆ ಊರಿನವರ ಫೋನಿನಲ್ಲಿ ಬಾವುಟ ಮಾಯವಾಯಿತು. ಮ್ಯಾಪಿನಲ್ಲಿ ರಸ್ತೆ ಇದೆ, ಕೆರೆ ಇದೆ, ಬಾವುಟ ಮಾತ್ರ ಇಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಇದೆ!

"ಆ ಅಗ್ಗದ ಫೋನಿನ ಜೊತೆ ಬರೋ ಬ್ರೌಸರು ಹಳೇದು ಕಣಮ್ಮಿ" ಎಂದರು ಮೃತ್ಯುಂಜಯ. "ನೀನು ಹೊಸ ರೀತೀಲಿ ಬರ್ದಿದ್ದೀಯ, ಅದಕ್ಕೆ ಅರ್ಥ ಆಗ್ತಿಲ್ಲ. ನಿನ್ನ ಕೋಡ್ ನೋಡ್ಕೊ."

ನೋಡಿಕೊಂಡಳು. ಒಂದು ಬ್ರೌಸರು ಒಪ್ಪುವ ಸಾಲಿಗೆ ಇನ್ನೊಂದು ಮುನಿಸಿಕೊಳ್ಳುತ್ತದೆ, ಮತ್ತೊಂದು ಏನನ್ನೂ ಹೇಳದೆ ಸುಮ್ಮನೆ ಕೂರುತ್ತದೆ. ಮೊದಲು ಕಂಡದ್ದು ಈಗ ಕಾಣದೆಂದರೆ ನಡುವೆ ತಾನೇ ಏನೋ ಕೆಡಿಸಿರಬೇಕು ಎಂದು ವಾರಗಟ್ಟಲೆ ತನ್ನದನ್ನೆಲ್ಲ ಹಳೆಯ ರೀತಿಯಲ್ಲಿ ತಿದ್ದಿ ಬರೆದಳು. ಬಾವುಟ ನೆಡುವ ಭಾಗ ಮೃತ್ಯುಂಜಯರದು. ಅದನ್ನು ತೆರೆದು ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಅತ್ತ ಊರಿನವರು ಬಾವುಟವಿಲ್ಲದ ಮೇಲೆ ಲಾರಿಯೂ ಇಲ್ಲವೆಂದುಕೊಂಡು ಮೂಟೆಗಳನ್ನು ಗುಂಡ್ಲುಪೇಟೆ ರಸ್ತೆಯ ಹೂವಿನ ವ್ಯಾಪಾರಿ ಗಂಗಾಧರಸ್ವಾಮಿಯ ಶೆಡ್ಡಿಗೆ ಹೊತ್ತರು. ಬಾಡಿದ ಹೂವಿಗೆ ಅವನು ಹೇಳಿದ್ದೇ ಬೆಲೆ.

"ನಿನ್ ಮಗಳ ಮಾತ್ ನಂಬ್ಕಂಡು ಹೂವ ಹಾಳ್ ಮಾಡ್ಕಂಡೊ ಕನಕ್ಕ" ಎಂದು ನೆರೆಮನೆಯ ರಾಚಮ್ಮ ಎಲ್ಲರೆದುರು ಅಂದುಬಿಟ್ಟಳು. ಪುಟ್ಟಸಿದ್ದಮ್ಮ ಆಮೇಲೆ ಬೀದಿ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಮಗಳನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ತೇಜಸ್ವಿನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬ್ರೌಸರು ವೆಬ್‌ಸೈಟಿನಿಂದ ಪುಟ ಕೇಳುವಾಗ ತನ್ನ ಹೆಸರು ಹೇಳಿಕೊಳ್ಳುತ್ತದೆ. ಆ ಹೆಸರನ್ನು ಸುಳ್ಳಾಗಿ ಹೇಳಿಸಲೂಬಹುದು. ಒಂದು ಮಧ್ಯಾಹ್ನ ತೇಜಸ್ವಿನಿ ಬೇರೇನೂ ತೋಚದೆ, ಆಫೀಸಿನ ಹೊಸ ಕಂಪ್ಯೂಟರಿನ ಬ್ರೌಸರಿಗೆ ಅವ್ವನ ಫೋನಿನ ಬ್ರೌಸರಿನ ಹೆಸರು ಕೊಟ್ಟಳು. ಅಷ್ಟೇ. ಕಣ್ಣೆದುರಿಗಿದ್ದ ಉಡಿಗಾಲದ ಬಾವುಟ ಹೊರಟುಹೋಯಿತು. ಹೆಸರು ತೆಗೆದಳು, ಬಂತು. ಹಾಗಾದರೆ ಫೋನಿಗೆ ಅರ್ಥವಾಗದೆ ಅಲ್ಲ. ಯಾರೋ ಹೆಸರು ನೋಡಿಕೊಂಡೇ ಬಚ್ಚಿಡುತ್ತಿದ್ದಾರೆ. ಮೊದಲ ಸಲ ಗುರುವಿನ ಫೈಲು ತೆರೆದಳು. ಈ ಬ್ರೌಸರಾದರೆ, ಊರು ಉಡಿಗಾಲವೋ ಕುದೇರೋ ಆದರೆ, ಬಾವುಟ ಬೇಡ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಪರದೆಯನ್ನು ಮೃತ್ಯುಂಜಯರ ಕಡೆ ತಿರುಗಿಸಿದಳು.

"ಏನ್ ಸಾರ್ ಇದು?"

ಮೃತ್ಯುಂಜಯ ಪರದೆ ನೋಡಿದರು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. "ಗಂಗಾಧರಸ್ವಾಮಿ ನನ್ನ ಹೆಂಡತಿ ತಮ್ಮ. ಹೂವೆಲ್ಲ ಲಾರಿಗೇ ಹೋದ್ರೆ ಅವನು ಶೆಡ್ ಮುಚ್ಬೇಕಾಗಿತ್ತು. ಈ ಒಂದು ಸೀಸನ್ ಅಷ್ಟೇ ಅಂದ್ಕೊಂಡೆ."

"ಮತ್ತೆ ನನ್ ಕೈಲಿ ಯಾಕ್ ಸಾರ್ ನನ್ ತಪ್ಪು ಹುಡುಕ್ಸಿದ್ರಿ?"

"ನೀನು ಅದನ್ನೇ ಹುಡುಕ್ತಾ ಇರ್ತೀಯ ಅಂತ ಗೊತ್ತಿತ್ತು. ಕಲಿಸಿದೋನು ನಾನೇ ಅಲ್ವಾ?"

ತೇಜಸ್ವಿನಿ ಅವರ ಎದುರಿಗೇ ಆ ಸಾಲುಗಳನ್ನು ಅಳಿಸಿ, ಕಂಪನಿಯವರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿ, ಬ್ಯಾಗು ಹೆಗಲಿಗೇರಿಸಿ ಹೊರಟಳು. ಮೃತ್ಯುಂಜಯ ತಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅವ್ವನ ಫೋನಿನಲ್ಲಿ ಬಾವುಟ ಕಂಡಿತು. ಲಾರಿ ಊರ ಮುಂದಿನ ಅರಳಿಕಟ್ಟೆಯ ಬಳಿ ನಿಂತಿತ್ತು. ಮೂಟೆ ಹೊತ್ತು ಬಂದ ಹೆಂಗಸರ ನಡುವೆ ಪುಟ್ಟಸಿದ್ದಮ್ಮನಿಗೆ ಹಿಗ್ಗೋ ಹಿಗ್ಗು.

"ನೋಡ್ದ ರಾಚಮ್ಮ? ಆ ಆಪೀಸ್ ಸಾರು ಸರಿ ಮಾಡ್ಕೊಟ್ಟವ್ರೆ. ದೇವ್ರಂತ ಮನ್ಸ."

ನಡೆದದ್ದನ್ನು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ, ಸುಮ್ಮನಿದ್ದುಬಿಡಬಹುದಿತ್ತು. ತೇಜಸ್ವಿನಿ ಸುಮ್ಮನಿರಲಿಲ್ಲ. "ಇಲ್ಲ ಕನವ್ವ, ಕೆಡಿಸಿದ್ದೇ ಅವ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಶೆಡ್ಡಿನ ವಿಷಯ, ಭಾವಮೈದುನನ ವಿಷಯ, ಒಂದನ್ನೂ ಬಿಡಲಿಲ್ಲ.

ರಾಚಮ್ಮ ಬಾಯಿ ತುಂಬ ಶಾಪ ಹಾಕಿದಳು. ಪುಟ್ಟಸಿದ್ದಮ್ಮ ಮೂಟೆಯನ್ನು ತಕ್ಕಡಿಗೆ ಇಟ್ಟಳು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ನಮ್ಮನೇಲಿ ಕೂತು ಉಂಡೋಗಿದ್ರಲ್ಲ ಕೂಸು?"